ಒಂದು ಬಸ್ಸು ಕೇಳಿದ್ದಕ್ಕೆ: ಸಮ್ಮರ್ಟನ್ ಊರಿನ ಸ್ಕಾಟ್ಸ್ ಬ್ರಾಂಚ್ ಶಾಲೆ

ಕಾವೇರಿಕೂಸು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಕೊಲಂಬಿಯಾದಲ್ಲಿ. ಹೋದ ವಾರ ಮಗಳು ಸ್ಕೂಲಿಂದ ಬಂದವಳೇ, "ಅಮ್ಮಾ, ಬ್ರೌನ್ ಕೇಸು ಕ್ಯಾನ್ಸಸ್ಸಿನದು ಅಲ್ವಾ?" ಅಂತ ಕೇಳಿದಳು. ಹೆಸರೇನೋ ಅಲ್ಲಿಯದೇ. ಆದರೆ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಅನ್ನುವುದು ತಪ್ಪು ಎಂದು 1954ರ ಮೇ 17ರಂದು ಬಂದ ಆ ತೀರ್ಪಿನಲ್ಲಿ ಒಟ್ಟು ಐದು ಕೇಸುಗಳಿದ್ದವು. ಅವುಗಳಲ್ಲಿ ಮೊದಲು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ನಮ್ಮ ಮನೆಯಿಂದ ಒಂದು ಗಂಟೆ ಚಿಲ್ಲರೆ ದಾರಿಯ ಒಂದು ಸಣ್ಣ ಊರಿನ ಶಾಲೆಯ ಕೇಸು. ಕ್ಲ್ಯಾರೆಂಡನ್ ಕೌಂಟಿಯ ಸಮ್ಮರ್ಟನ್ ಊರು, ಸ್ಕಾಟ್ಸ್ ಬ್ರಾಂಚ್ ಶಾಲೆ. ಮಗಳ ಪಾಠದಲ್ಲಿ ಈ ಊರಿನ ಹೆಸರೇ ಬಂದಿರಲಿಲ್ಲ. ಶನಿವಾರ ಅವಳನ್ನು ಕರೆದುಕೊಂಡು ಹೋಗಿ ಬಂದೆ. ಬಂದ ಮೇಲೂ ತಲೆಯಲ್ಲಿ ಅದೇ ಓಡುತ್ತಿದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಕಾಲದ ಲೆಕ್ಕ ಮೊದಲು ಹೇಳುತ್ತೇನೆ. 1895ರ ರಾಜ್ಯ ಸಂವಿಧಾನದಲ್ಲೇ ಎರಡು ಬಣ್ಣದ ಮಕ್ಕಳಿಗೆ ಬೇರೆ ಬೇರೆ ಶಾಲೆ ಅಂತ ಬರೆದಿತ್ತು. 1949-50ರಲ್ಲಿ ಈ ಕೌಂಟಿಯಲ್ಲಿ 6,531 ಕಪ್ಪು ಮಕ್ಕಳು ಓದುತ್ತಿದ್ದರು. ಅವರಿಗೆ 61 ಶಾಲೆಗಳು. ಎಲ್ಲ ಸೇರಿ ಅವುಗಳ ಬೆಲೆ 1,94,575 ಡಾಲರ್. ಬಿಳಿ ಮಕ್ಕಳು 2,375. ಅವರಿಗೆ 12 ಶಾಲೆಗಳು, ಬೆಲೆ 6,73,850 ಡಾಲರ್. ವರ್ಷಕ್ಕೆ ಒಬ್ಬ ಬಿಳಿ ಮಗುವಿಗೆ 179 ಡಾಲರ್ ಖರ್ಚು ಮಾಡುತ್ತಿದ್ದರು, ಒಬ್ಬ ಕಪ್ಪು ಮಗುವಿಗೆ 43 ಡಾಲರ್. ಈ ಎರಡು ಅಂಕಿ ಓದಿ ಹೇಳಿದಾಗ ಮಗಳು ಕಾರಿನಲ್ಲಿ ಸುಮ್ಮನೆ ಕೂತುಬಿಟ್ಟಳು.

ಆದರೆ ಆ ಊರಿನ ಜನ ಮೊದಲು ಕೇಳಿದ್ದು ಸಮಾನತೆಯನ್ನಲ್ಲ. ಒಂದು ಬಸ್ಸು. ಬಿಳಿ ಮಕ್ಕಳಿಗೆ ಕೌಂಟಿಯಲ್ಲಿ ಮೂವತ್ತು ಬಸ್ಸುಗಳಿದ್ದವು. ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಕೆಲವು ಮಕ್ಕಳು ಸ್ಕಾಟ್ಸ್ ಬ್ರಾಂಚಿಗೆ ಒಂಬತ್ತು ಮೈಲಿ ನಡೆಯಬೇಕಿತ್ತು. ಹದಿನಾಲ್ಕು ಕಿಲೋಮೀಟರಿಗೂ ಜಾಸ್ತಿ, ಅದೂ ಒಂದು ಕಡೆಗೆ. 1940ರ ದಶಕದ ಶುರುವಿನಲ್ಲಿ ಸ್ಯಾಂಟಿ ನದಿಗೆ ಅಣೆಕಟ್ಟು ಕಟ್ಟಿದಾಗ ಮ್ಯಾರಿಯನ್ ಎಂಬ ದೊಡ್ಡ ಜಲಾಶಯ ಆಯಿತು. ನೀರು ಏರಿದಾಗ ರಸ್ತೆ ಮುಳುಗಿಹೋಗುತ್ತಿತ್ತು. ಆಗ ಮಕ್ಕಳು ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಆಚೆ ದಡ ಸೇರಿ, ಅಲ್ಲಿಂದ ಮತ್ತೆ ನಡೆಯುತ್ತಿದ್ದರು. ನಾವು ಹೆದ್ದಾರಿ 95ರ ಸೇತುವೆ ಮೇಲೆ ಅದೇ ನೀರು ದಾಟಿದೆವು. ದಡದ ಹತ್ತಿರ ಇವತ್ತಿಗೂ ಒಣಗಿದ ಮರಗಳ ಬೊಡ್ಡೆಗಳು ನೀರಿನೊಳಗಿಂದ ತಲೆ ಎತ್ತಿ ನಿಂತಿವೆ. ಹತ್ತು ವರ್ಷದ ಮಗು ಆ ಬೊಡ್ಡೆಗಳ ನಡುವೆ ಬೆಳಗಿನ ಚಳಿಯಲ್ಲಿ ದೋಣಿ ನಡೆಸುವುದನ್ನು ಸ್ವಲ್ಪ ಯೋಚನೆ ಮಾಡಿ.

ಪೋಷಕರು ಕಾಸಿಗೆ ಕಾಸು ಸೇರಿಸಿ ಒಂದು ಹಳೇ ಬಸ್ಸು ಕೊಂಡರು. ಅದು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಪೆಟ್ರೋಲಿಗಾದರೂ ದುಡ್ಡು ಕೊಡಿ ಅಂತ ಶಾಲಾ ಮಂಡಳಿಯನ್ನು ಕೇಳಿದರು. ಮಂಡಳಿಯ ಅಧ್ಯಕ್ಷ ಆರ್. ಡಬ್ಲ್ಯು. ಎಲಿಯಟ್ ಎಂಬ ಸಾಮಿಲ್ಲಿನ ಮಾಲೀಕ. ಅವನು ಆಗುವುದಿಲ್ಲ ಎಂದ. ಮುಂದೆ ಕೇಸಿನ ಹೆಸರಿನಲ್ಲಿ ಎದುರು ಪಕ್ಷದವನಾಗಿ ಉಳಿದವನು ಇವನೇ: ಬ್ರಿಗ್ಸ್ ವಿರುದ್ಧ ಎಲಿಯಟ್.

---

ಬಯಲುಸೀಮೆ ಮೇಷ್ಟ್ರು

ಮೇಡಂ, ಓದಿ ಮನಸ್ಸು ಭಾರವಾಯಿತು. ನಾನು ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಶಾಲೆಯ ಮೇಷ್ಟ್ರು. ದೂರ ಅಂದರೆ ಏನು ಅಂತ ನಮಗೆ ಗೊತ್ತು. ಏಳನೇ ಕ್ಲಾಸಿನವರೆಗೆ ಚೆನ್ನಾಗಿ ಓದುವ ಹೆಣ್ಣುಮಕ್ಕಳು, ಹೈಸ್ಕೂಲು ನಾಲ್ಕು ಕಿಲೋಮೀಟರ್ ಆಚೆ ಇದೆ ಅನ್ನುವ ಒಂದೇ ಕಾರಣಕ್ಕೆ ಮನೆಯಲ್ಲಿ ಉಳಿದುಬಿಡುತ್ತಾರೆ. ಬಸ್ಸಿಂದ ಶುರುವಾಯಿತು ಅಂದಿರಲ್ಲ, ಅದು ನನಗೆ ಬೇಗ ಅರ್ಥವಾಯಿತು. ಹೊಟ್ಟೆಗೆ, ಕಾಲಿಗೆ ತಟ್ಟಿದಾಗಲೇ ಜನ ಏಳುವುದು.

ಒಂದು ಪ್ರಶ್ನೆ. ಕೇಸಿನ ತನಕ ಹೋಗಲು ಅಲ್ಲಿನ ಜನಕ್ಕೆ ಧೈರ್ಯ ಕೊಟ್ಟವರು ಯಾರು? ಊರಿನಲ್ಲಿ ಒಬ್ಬರಾದರೂ ಮುಂದೆ ನಿಲ್ಲಬೇಕಲ್ಲ. ಅವರೂ ಮೇಷ್ಟ್ರಾ?

---

ಕಾವೇರಿಕೂಸು

ಹೌದು ಮೇಷ್ಟ್ರೇ, ಮೇಷ್ಟ್ರೇ! ಜೋಸೆಫ್ ಡಿಲೇನ್ ಅಂತ. ಚರ್ಚಿನ ಪಾದ್ರಿಯೂ ಹೌದು, ಶಾಲೆಯ ಮೇಷ್ಟ್ರೂ ಹೌದು. 1947ರ ಬೇಸಿಗೆಯಲ್ಲಿ ಅವರು ಇಲ್ಲೇ ಕೊಲಂಬಿಯಾದ ಆಲನ್ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ತರಗತಿಗೆ ಬಂದಿದ್ದರು. ಅಲ್ಲಿ ಕಪ್ಪು ಜನರ ಹಕ್ಕಿನ ಸಂಘಟನೆಯ ರಾಜ್ಯ ಮುಖಂಡ ಜೇಮ್ಸ್ ಹಿಂಟನ್ ಮಾತಾಡಿದರು. ಶಾಲಾ ಬಸ್ಸಿಗಾಗಿ ಕೇಸು ಹಾಕುವ ಧೈರ್ಯದ ಒಬ್ಬರು ಬೇಕು ಅನ್ನುವುದು ಅವರ ಮಾತಿನ ಸಾರ. ಡಿಲೇನ್ ಊರಿಗೆ ಬಂದು ಅಂಥವರನ್ನು ಹುಡುಕಿದರು. ಸಿಕ್ಕಿದವರು ಲೀವೈ ಪಿಯರ್ಸನ್ ಎಂಬ ರೈತ. ಸ್ವಂತ ಜಮೀನು ಇದ್ದವರು. ಅವರ ಮಕ್ಕಳೂ ಆ ದೂರ ನಡೆಯುತ್ತಿದ್ದರು.

1948ರಲ್ಲಿ ಪಿಯರ್ಸನ್ ಹೆಸರಿನಲ್ಲಿ ಕೇಸು ಬಿತ್ತು. ಅದೇ ವರ್ಷ ವಜಾ ಆಯಿತು. ಕಾರಣ ಕೇಳಿದರೆ ಬೇಜಾರಾಗುತ್ತದೆ. ಅವರ ಜಮೀನು ಎರಡು ಶಾಲಾ ಜಿಲ್ಲೆಗಳ ಗಡಿಯ ಮೇಲಿತ್ತು. ತೆರಿಗೆ ಕಟ್ಟುತ್ತಿದ್ದದ್ದು ಒಂದು ಕಡೆ, ಮಕ್ಕಳು ಹೋಗುತ್ತಿದ್ದದ್ದು ಇನ್ನೊಂದು ಕಡೆ. ಹಾಗಾಗಿ ಈ ಕೇಸು ಹಾಕುವ ಹಕ್ಕು ನಿಮಗಿಲ್ಲ ಅಂದುಬಿಟ್ಟರು.

---

ಅಡಕೆ ತೋಟ

ಆ ರೈತನ ಗತಿ ಏನಾಯಿತು? ಕೇಸು ಸೋತ ಮೇಲೆ ಊರಿನಲ್ಲಿ ಬಾಳುವುದು ಸುಲಭದ ಮಾತಲ್ಲ. ಸೊಸೈಟಿ ಸಾಲ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರು ಎಲ್ಲಕ್ಕೂ ಊರಿನ ನಾಲ್ಕು ಜನರ ಮುಖ ನೋಡಬೇಕಾಗುತ್ತದೆ.

---

ಕಾವೇರಿಕೂಸು

ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ನಡೆದದ್ದು ಅದೇ. ಬಿತ್ತನೆ, ಗೊಬ್ಬರಕ್ಕೆ ಸಾಲ ನಿಂತುಹೋಯಿತು. ಮರ ಕಡಿದು ಮಾರೋಣ ಅಂದರೆ ಸಾಮಿಲ್ಲಿನವರು ಕೊಳ್ಳಲಿಲ್ಲ, ಕಡಿದ ಮರ ಅಲ್ಲೇ ಬಿದ್ದಿತು. ಕೊಯ್ಲಿನ ಹೊತ್ತಿಗೆ ಯಂತ್ರ ಬಾಡಿಗೆ ಕೊಡುವವರು ಯಾರೂ ಇಲ್ಲ. ಬೆಳೆ ಹೊಲದಲ್ಲೇ ಹಾಳಾಯಿತು.

ಆದರೂ ಅಲ್ಲಿಗೆ ನಿಲ್ಲಲಿಲ್ಲ ನೋಡಿ. 1949ರಲ್ಲಿ ಥರ್ಗುಡ್ ಮಾರ್ಷಲ್ ಎಂಬ ವಕೀಲರು ಹೇಳಿದರು: ಒಬ್ಬರ ಹೆಸರಲ್ಲಿ ಆಗುವುದಿಲ್ಲ, ಒಬ್ಬರನ್ನು ಹೇಗಾದರೂ ಬೀಳಿಸುತ್ತಾರೆ. ಕಡಿಮೆ ಅಂದರೂ ಇಪ್ಪತ್ತು ಜನ ಬೇಕು, ಬರೀ ಬಸ್ಸಲ್ಲ, ಎಲ್ಲದರಲ್ಲೂ ಸಮಪಾಲು ಕೇಳಬೇಕು. ಮುಂದೆ ಇದೇ ಮಾರ್ಷಲ್ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಆದರು. ಇಪ್ಪತ್ತು ಜನರನ್ನು ಹುಡುಕಲು ತಿಂಗಳುಗಟ್ಟಲೆ ಬೇಕಾಯಿತು. ನವೆಂಬರ್ ಹೊತ್ತಿಗೆ ಪೋಷಕರು, ಮಕ್ಕಳು ಸೇರಿ 107 ಜನ ಸಹಿ ಹಾಕಿದ್ದರು.

ಪಟ್ಟಿಯಲ್ಲಿ ಮೊದಲ ಹೆಸರು ಹ್ಯಾರಿ ಬ್ರಿಗ್ಸ್. ಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದವರು, ಪೆಟ್ರೋಲ್ ಬಂಕಿನಲ್ಲಿ ಕೆಲಸ. 1949ರ ಕ್ರಿಸ್‌ಮಸ್ ಹಿಂದಿನ ದಿನ ಮಾಲೀಕ ಅವರ ಕೈಗೆ ಒಂದು ಕಟ್ಟು ಸಿಗರೇಟು ಕೊಟ್ಟು ಕೆಲಸದಿಂದ ತೆಗೆದ. ಹೆಂಡತಿ ಎಲೈಜಾ ಒಂದು ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುತ್ತಿದ್ದರು. ಗಂಡನ ಸಹಿ ತೆಗೆಸು ಅಂದರು. ಗಂಡನಿಗೆ ಬುದ್ಧಿ ಇದೆ, ಅವನ ವಿಷಯ ಅವನದು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟು ಈಕೆಯೂ ಕೆಲಸ ಕಳೆದುಕೊಂಡರು. ಅವರ ಹಸು ಒಂದು ದಿನ ಹಗ್ಗ ಬಿಚ್ಚಿಕೊಂಡು ಹೋಗಿ ಬಿಳಿಯರ ಸ್ಮಶಾನದಲ್ಲಿ ಒಂದು ಗೋರಿಯ ಕಲ್ಲು ತುಳಿಯಿತು ಅಂತ ಅದನ್ನೂ ಹಿಡಿದು ದೊಡ್ಡಿಗೆ ಹಾಕಿದರು. ಕೊನೆಗೆ ಹ್ಯಾರಿ ಕೆಲಸ ಹುಡುಕಿಕೊಂಡು ಫ್ಲಾರಿಡಾಗೆ ಹೋದರು. ಹೆಂಡತಿ ಮಕ್ಕಳಿಂದ ದೂರ ಇದ್ದು, ದುಡ್ಡು ಕಳಿಸುತ್ತಾ ವರ್ಷಗಟ್ಟಲೆ ಬದುಕಿದರು.

ಆನಿ ಗಿಬ್ಸನ್ ಅಂತ ಇನ್ನೊಬ್ಬ ತಾಯಿ. ಅವರೂ ಕೆಲಸ ಕಳೆದುಕೊಂಡರು. ಗಂಡನ ಮನೆಯವರು ತಲೆಮಾರಿನಿಂದ ಪಾಲಿಗೆ ಮಾಡುತ್ತಿದ್ದ ಹೊಲದಿಂದ ಇಡೀ ಕುಟುಂಬವನ್ನೇ ಎಬ್ಬಿಸಿದರು. ಆದರೂ ಸಹಿ ವಾಪಸ್ ತೆಗೆದುಕೊಳ್ಳಲಿಲ್ಲ.

---

ನೆನಪಿನ ಬುತ್ತಿ

ಕಾವೇರಿಕೂಸು ಅಕ್ಕ, ಹಸುವಿನ ವಿಷಯ ಓದಿ ನನಗೆ ನಗು ಬರಲಿಲ್ಲ, ಅಳು ಬಂತು. ಬಡವರ ಮೇಲೆ ಸಿಟ್ಟು ತೀರಿಸಿಕೊಳ್ಳುವವರು ಯಾವಾಗಲೂ ಮೊದಲು ದನ, ನೀರು, ದಾರಿ ಇವನ್ನೇ ಹಿಡಿಯುತ್ತಾರೆ.

ಆ ಶಾಲೆಯ ಒಳಗೆ ಹೇಗಿತ್ತು ಅಂತ ಗೊತ್ತಿದ್ದರೆ ಹೇಳಿ. ಕಟ್ಟಡದ ಬೆಲೆ ಕೇಳಿದರೆ ನನ್ನಂಥವಳಿಗೆ ಏನೂ ಕಾಣುವುದಿಲ್ಲ. ನೀರು ಎಲ್ಲಿ ಕುಡಿಯುತ್ತಿದ್ದರು, ಯಾರು ಕಸ ಗುಡಿಸುತ್ತಿದ್ದರು, ಅದು ಹೇಳಿ.

---

ಕಾವೇರಿಕೂಸು

ನೀವು ಕೇಳಿದ್ದೇ ಕೋರ್ಟಿನಲ್ಲೂ ಬಂತು. ಹೋವರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಥ್ಯೂ ವೈಟ್‌ಹೆಡ್ ಅವರು ಆ ಶಾಲಾ ಜಿಲ್ಲೆಯ ಕಪ್ಪು ಮಕ್ಕಳ ಮೂರು ಶಾಲೆಗಳನ್ನೂ ಬಿಳಿ ಮಕ್ಕಳ ಶಾಲೆಗಳನ್ನೂ ಖುದ್ದು ನೋಡಿ, ಲೆಕ್ಕ ಹಾಕಿ ಸಾಕ್ಷಿ ಹೇಳಿದರು. ಸ್ಕಾಟ್ಸ್ ಬ್ರಾಂಚ್, ಲಿಬರ್ಟಿ ಹಿಲ್, ರ‍್ಯಾಂಬೇ. ಬಿಳಿ ಮಕ್ಕಳ ಶಾಲೆಯಲ್ಲಿ 28 ಮಕ್ಕಳಿಗೆ ಒಬ್ಬ ಟೀಚರ್, ಇಲ್ಲಿ 47 ಮಕ್ಕಳಿಗೆ ಒಬ್ಬರು. ಅಲ್ಲಿ ಒಳಗೇ ಶೌಚಾಲಯ, ಇಲ್ಲಿ ಹೊರಗೆ ಗುಂಡಿ ತೋಡಿದ ಕಕ್ಕಸು. ಅಲ್ಲಿ ಕುಡಿಯುವ ನೀರಿಗೆ ಕಾರಂಜಿ ನಲ್ಲಿ. ಇಲ್ಲಿ ತಗಡಿನ ಬಕೆಟ್, ಅದರ ಮೇಲೆ ಒಂದು ಹಲಗೆ, ಎಲ್ಲರಿಗೂ ಒಂದೇ ಹಿಡಿಕೆ ಲೋಟ. ಅಲ್ಲಿ ಗುಡಿಸಲು ಕೆಲಸದವರು. ಇಲ್ಲಿ ಮಕ್ಕಳೂ ಟೀಚರುಗಳೂ ತಾವೇ ಗುಡಿಸಬೇಕು, ಚಳಿಗಾಲದಲ್ಲಿ ತಾವೇ ಒಲೆ ಹೊತ್ತಿಸಬೇಕು.

ಅವರು ಅಲ್ಲಿ ಮೇಜು, ಬೆಂಚು ಎಲ್ಲ ಎಣಿಸಿದ್ದರು. ಸಾಕ್ಷಿ ಅಂದರೆ ಹೀಗಿರಬೇಕು. ಬೇಜಾರಿಲ್ಲದೆ, ಒಂದನ್ನೂ ಬಿಡದೆ ಎಣಿಸುವುದು.

---

ನೆನಪಿನ ಬುತ್ತಿ

ಆ ಲೋಟ. ಅದಕ್ಕೇ ಕೇಳಿದ್ದು.

ನಮ್ಮೂರ ಶಾಲೆಯಲ್ಲಿ ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕೊಡದ ಮೇಲೆ ಒಂದು ಸ್ಟೀಲ್ ಲೋಟ ಕವುಚಿರುತ್ತಿತ್ತು. ಬೇರೆ ಮಕ್ಕಳು ತಾವೇ ಮುಳುಗಿಸಿ ಕುಡಿಯುತ್ತಿದ್ದರು. ನಮ್ಮ ಕೇರಿಯ ಮಕ್ಕಳು ಎರಡೂ ಕೈ ಜೋಡಿಸಿ ಬೊಗಸೆ ಹಿಡಿಯಬೇಕಿತ್ತು. ಯಾರಾದರೂ ಮೇಲಿಂದ ಹುಯ್ಯುತ್ತಿದ್ದರು. ಹುಯ್ಯುವವರು ಸಿಗದಿದ್ದರೆ ಮಧ್ಯಾಹ್ನದ ತನಕ ಬಾಯಾರಿಕೆಯೇ. ನೀರು ಮೊಣಕೈಯಿಂದ ಇಳಿದು ಲಂಗ ಒದ್ದೆಯಾಗುತ್ತಿತ್ತು. ಒದ್ದೆ ಲಂಗ ನೋಡಿದರೆ ಯಾರು ಯಾವ ಕೇರಿಯವರು ಅಂತ ಹೊಸ ಟೀಚರಿಗೂ ಗೊತ್ತಾಗುತ್ತಿತ್ತು. ಇದು ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. ನಮ್ಮದು ಎಲ್ಲರಿಗೂ ಸೇರಿದ ಸರ್ಕಾರಿ ಶಾಲೆ.

ಅಂಬೇಡ್ಕರ್ ಅವರೂ ಶಾಲೆಯಲ್ಲಿ ಮನೆಯಿಂದ ತಂದ ಗೋಣಿ ತಟ್ಟಿನ ಮೇಲೆ ಬೇರೆ ಕೂತವರು. ಬಾಯಾರಿದರೆ ಜವಾನ ಬಂದು ನೀರು ಹಾಕಬೇಕಿತ್ತು. ಅವರು 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬೋಯಿಸ್ ಅವರಿಗೆ ಒಂದು ಕಾಗದ ಬರೆದಿದ್ದರು. ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಕೊಡುತ್ತಿರುವ ಅರ್ಜಿಯ ಪ್ರತಿ ಬೇಕು ಅಂತ. ನಿಮ್ಮವರ ಸ್ಥಿತಿಗೂ ನಮ್ಮವರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂತ ಅದರಲ್ಲಿ ಬರೆದರು. ಡುಬೋಯಿಸ್ ಉತ್ತರ ಕೂಡ ಬರೆದರು. ಮರು ವರ್ಷವೇ ಸಮ್ಮರ್ಟನ್ನಿನವರು ಬಸ್ಸು ಕೇಳಿದ್ದು. ಹಾಗಾಗಿ ಇದನ್ನು ದೂರದ ದೇಶದ ಕಥೆ ಅಂತ ಓದಲು ನನಗೆ ಆಗುತ್ತಿಲ್ಲ.

---

ಬಯಲುಸೀಮೆ ಮೇಷ್ಟ್ರು

ತಾಯಿ, ನಿಮ್ಮ ಮಾತು ಓದಿ ಎರಡು ಸಲ ಬರೆದು ಅಳಿಸಿದೆ. ನಾನು ಮೇಷ್ಟ್ರಾಗಿ ಸೇರಿದ ಮೊದಲ ಶಾಲೆಯಲ್ಲಿ ಕೊಡದ ಹತ್ತಿರ ಏನು ನಡೆಯುತ್ತಿತ್ತು ಅಂತ ನಾನು ಗಮನಿಸಿದ್ದೇನಾ? ಗಮನಿಸಿರಲಿಲ್ಲ ಅಂತಲೇ ಹೇಳಬೇಕು. ಸ್ಟಾಫ್ ರೂಮಿನಲ್ಲಿ ನಮಗೆ ಬೇರೆ ನೀರು ಇರುತ್ತಿತ್ತು.

---

ತಕ್ಕಡಿ ಹಿಡಿದವ

ನಾನು ವಕೀಲ. ಕಾನೂನಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಈ ಕೇಸಿನಲ್ಲಿ ನನಗೆ ಇಷ್ಟವಾದ ವ್ಯಕ್ತಿ ನ್ಯಾಯಾಧೀಶ ವೇಟೀಸ್ ವೇರಿಂಗ್. ಚಾರ್ಲ್ಸ್‌ಟನ್ನಿನ ಹಳೇ ಬಿಳಿ ಮನೆತನದವರು.

1950ರ ಮೇ ತಿಂಗಳಲ್ಲಿ ಕೇಸು ದಾಖಲಾದಾಗ ಕೇಳಿದ್ದು ಸಮಾನ ಸೌಲಭ್ಯ ಮಾತ್ರ. ನವೆಂಬರಿನಲ್ಲಿ ವಿಚಾರಣೆಗೆ ಮುಂಚಿನ ಮಾತುಕತೆಯಲ್ಲಿ ವೇರಿಂಗ್ ಅವರೇ ಮಾರ್ಷಲ್‌ಗೆ ದಾರಿ ತೋರಿಸಿದರು. ಸೌಲಭ್ಯ ಕೇಳಿದರೆ ಸೌಲಭ್ಯದ ತೀರ್ಪು ಬರುತ್ತದೆ, ಬೇರೆ ಕೂರಿಸುವುದೇ ತಪ್ಪು ಅಂತ ಕೇಳಿ ಅಂತ. ಅದು ಸಣ್ಣ ಬದಲಾವಣೆ ಅಲ್ಲ. ಹಾಗೆ ಕೇಳಿದರೆ ಮೂವರು ನ್ಯಾಯಾಧೀಶರ ಪೀಠ ಕೂರಬೇಕು, ಅಲ್ಲಿಂದ ನೇರ ಸುಪ್ರೀಂ ಕೋರ್ಟು. ಸೋತರೆ ಎಲ್ಲವೂ ಸೋತಂತೆ.

ವಿಚಾರಣೆ 1951ರ ಮೇ 28ಕ್ಕೆ ಚಾರ್ಲ್ಸ್‌ಟನ್ನಿನಲ್ಲಿ ಶುರುವಾಯಿತು. ಕ್ಲ್ಯಾರೆಂಡನ್ನಿನ ಜನ ಬೆಳಗಾಗುವ ಮುಂಚೆ ಹೊರಟು ಬಂದು ಕೋರ್ಟಿನ ಮೆಟ್ಟಿಲ ಮೇಲೆ ಸಾಲು ನಿಂತಿದ್ದರು. ಶುರುವಿನಲ್ಲೇ ಶಾಲಾ ಮಂಡಳಿಯ ವಕೀಲ ರಾಬರ್ಟ್ ಫಿಗ್ ಎದ್ದು, ಹೌದು, ಸೌಲಭ್ಯಗಳು ಸಮ ಇಲ್ಲ, ಸರಿ ಮಾಡಲು ಕಾಲ ಕೊಡಿ ಅಂದುಬಿಟ್ಟ. ಎಣಿಸಿ ತಂದ ಸಾಕ್ಷಿಯ ಬಲವನ್ನೇ ಕಡಿಮೆ ಮಾಡುವ ಲೆಕ್ಕಾಚಾರ. ವೃತ್ತಿಯ ಕಣ್ಣಿನಿಂದ ನೋಡಿದರೆ ಜಾಣ ನಡೆ. ಆದರೂ ಮಾರ್ಷಲ್ ಸಾಕ್ಷಿಗಳನ್ನು ಕರೆಸಿದರು.

ಜೂನಿನಲ್ಲಿ ತೀರ್ಪು. ಇಬ್ಬರು ಶಾಲಾ ಮಂಡಳಿಯ ಕಡೆ, ವೇರಿಂಗ್ ಒಬ್ಬರೇ ಈ ಕಡೆ. ಬೇರ್ಪಡಿಸುವುದು ತಾನಾಗಿಯೇ ಅಸಮಾನತೆ ಅಂತ ಅವರು ಭಿನ್ನ ತೀರ್ಪು ಬರೆದರು. ಮೂರು ವರ್ಷದ ನಂತರ ಸುಪ್ರೀಂ ಕೋರ್ಟು ಒಂಬತ್ತಕ್ಕೆ ಒಂಬತ್ತೂ ಮತದಿಂದ ಬಂದು ನಿಂತದ್ದು ಇದೇ ಜಾಗಕ್ಕೆ. ಆದರೆ ಆ ಊರಿನಲ್ಲಿ ವೇರಿಂಗ್ ಉಳಿಯಲು ಆಗಲಿಲ್ಲ. 1952ರಲ್ಲಿ ನಿವೃತ್ತಿ ತೆಗೆದುಕೊಂಡು ನ್ಯೂಯಾರ್ಕಿಗೆ ಹೋದರು. ಅದೇ ಕೋರ್ಟಿನ ಕಟ್ಟಡಕ್ಕೆ 2015ರಲ್ಲಿ ಅವರ ಹೆಸರು ಇಟ್ಟರು.

ಹೆಸರು ಬ್ರೌನ್ ಹೇಗಾಯಿತು ಅನ್ನುವುದಕ್ಕೆ: ಬ್ರಿಗ್ಸ್ ಕೇಸು ಮೊದಲು ಮೇಲೆ ಹೋದದ್ದು ನಿಜ. 1952ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ಅದು ಮತ್ತೆ ಬರುವಷ್ಟರಲ್ಲಿ ಕ್ಯಾನ್ಸಸ್ ಕೇಸು ಪಟ್ಟಿಯಲ್ಲಿ ಮುಂದೆ ಸೇರಿತ್ತು.

---

ಅಡಕೆ ತೋಟ

ಮಂಡಳಿಯವನು ಕಾಲ ಕೊಡಿ ಅಂದನಲ್ಲ. ಆಮೇಲೆ ನಿಜವಾಗಿ ಸರಿ ಮಾಡಿದರಾ?

---

ಕಾವೇರಿಕೂಸು

ಮಾಡಿದರು. ಇಲ್ಲೇ ಕಥೆ ಸಿಕ್ಕುಸಿಕ್ಕಾಗುವುದು.

ಗವರ್ನರ್ ಜೇಮ್ಸ್ ಬರ್ನ್ಸ್ 1951ರಲ್ಲಿ ರಾಜ್ಯಕ್ಕೆ ಮೂರು ಪರ್ಸೆಂಟ್ ಮಾರಾಟ ತೆರಿಗೆ ಹಾಕಿಸಿ, ಆ ದುಡ್ಡಿನಿಂದ ಕಪ್ಪು ಮಕ್ಕಳಿಗೆ ಹೊಸ ಶಾಲೆ ಕಟ್ಟಿಸತೊಡಗಿದರು. ರಾಜ್ಯದ ತುಂಬಾ ಇಟ್ಟಿಗೆ ಕಟ್ಟಡಗಳು ಎದ್ದವು. ಸ್ಕಾಟ್ಸ್ ಬ್ರಾಂಚಿಗೂ ಹೊಸ ಕಟ್ಟಡ ಬಂತು. ಬಸ್ಸುಗಳೂ ಬಂದವು. ಉದ್ದೇಶ ಒಂದೇ: ಎಲ್ಲ ಸಮ ಮಾಡಿಬಿಟ್ಟರೆ ಬೇರೆ ಬೇರೆ ಇಡುವುದನ್ನು ಕೋರ್ಟು ಮುಟ್ಟುವುದಿಲ್ಲ. ಅದೂ ಸಾಲದು ಅಂತ, ಸರ್ಕಾರ ಶಾಲೆ ನಡೆಸಲೇಬೇಕು ಅನ್ನುವ ಮಾತನ್ನು ಸಂವಿಧಾನದಿಂದ ತೆಗೆಯಬಹುದು ಅಂತ 1952ರಲ್ಲಿ ಮತದಾರರಿಂದ ಒಪ್ಪಿಗೆ ಪಡೆದಿಟ್ಟುಕೊಂಡರು. ಒಟ್ಟಿಗೆ ಕೂರಿಸುವುದಕ್ಕಿಂತ ಸರ್ಕಾರಿ ಶಾಲೆಯನ್ನೇ ಮುಚ್ಚಲು ತಯಾರಾಗಿದ್ದರು.

---

ಬಯಲುಸೀಮೆ ಮೇಷ್ಟ್ರು

ನನಗೆ ಒಂದು ಅನಿಸಿಕೆ ಇದೆ, ತಪ್ಪು ತಿಳಿಯಬೇಡಿ. ಉದ್ದೇಶ ಕೆಟ್ಟದೇ ಇರಲಿ, ಮಕ್ಕಳಿಗೆ ಕಟ್ಟಡ ಬಂತು, ಬಸ್ಸು ಬಂತು. ಶಾಲೆಯಲ್ಲಿ ದಿನ ಕಳೆಯುವ ನಮಗೆ ಸೋರದ ಸೂರು ಅಂದರೆ ದೊಡ್ಡ ವಿಷಯ. ಕಪ್ಪು ಟೀಚರುಗಳೇ ಕಪ್ಪು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆ ಮಕ್ಕಳ ಮನೆ, ಭಾಷೆ, ಹಸಿವು ಅವರಿಗೆ ಗೊತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿರಲಿಲ್ಲವಾ ಅಂತ ಒಂದು ಪ್ರಶ್ನೆ.

---

ಕಾವೇರಿಕೂಸು

ತಪ್ಪು ತಿಳಿಯಲಿಲ್ಲ ಮೇಷ್ಟ್ರೇ. ಟೀಚರುಗಳ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಮುಂದೆ ಶಾಲೆಗಳು ಒಂದಾದಾಗ ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಕಪ್ಪು ಟೀಚರುಗಳು, ಹೆಡ್‌ಮಾಸ್ಟರುಗಳು ಕೆಲಸ ಕಳೆದುಕೊಂಡರು. ಅದಕ್ಕೂ ಮುಂಚೆಯೇ, 1956ರಲ್ಲಿ, ಹಕ್ಕಿನ ಸಂಘಟನೆಯ ಸದಸ್ಯರಾದವರಿಗೆ ಸರ್ಕಾರಿ ಕೆಲಸ ಇಲ್ಲ ಅಂತ ಈ ರಾಜ್ಯ ಕಾನೂನು ಮಾಡಿತು. ಮ್ಯಾರಿಯನ್ ಜಲಾಶಯದ ಆಚೆ ದಡದಲ್ಲಿ ಎಲೊರಿ ಅಂತ ಊರಿದೆ. ಅಲ್ಲಿನ ಕಪ್ಪು ಮಕ್ಕಳ ಶಾಲೆಯ 21 ಟೀಚರುಗಳು ಆ ಸಂಘಟನೆಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಬಗ್ಗದೆ ಕೆಲಸ ಕಳೆದುಕೊಂಡರು. ನನಗೆ ಅವರ ಬಗ್ಗೆ ತುಂಬಾ ಗೌರವ.

ಆದರೆ ಕಟ್ಟಡ ಸಾಕಿತ್ತು ಅನ್ನುವುದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಗೊಂಬೆಗಳ ವಿಷಯ ಕೇಳಿ. ಕೆನೆತ್ ಕ್ಲಾರ್ಕ್ ಎಂಬ ಮನಃಶಾಸ್ತ್ರಜ್ಞ ವಿಚಾರಣೆಗೆ ಮುಂಚೆ ಕ್ಲ್ಯಾರೆಂಡನ್ನಿಗೆ ಹೋಗಿ, ಆರರಿಂದ ಒಂಬತ್ತು ವರ್ಷದ 16 ಕಪ್ಪು ಮಕ್ಕಳ ಮುಂದೆ ಎರಡು ಗೊಂಬೆ ಇಟ್ಟರು. ಎಲ್ಲ ಒಂದೇ ತರಹ, ಬಣ್ಣ ಮಾತ್ರ ಬೇರೆ. 10 ಮಕ್ಕಳು ಬಿಳಿ ಗೊಂಬೆ ತಮಗೆ ಇಷ್ಟ ಅಂದರು. ಕೆಟ್ಟದಾಗಿ ಕಾಣುವ ಗೊಂಬೆ ಯಾವುದು ಅಂದಾಗ 11 ಮಕ್ಕಳು ಕಂದು ಗೊಂಬೆ ತೋರಿಸಿದರು. ಆಮೇಲೆ, ಇದರಲ್ಲಿ ನಿನ್ನ ಹಾಗೆ ಇರುವುದು ಯಾವುದು ಅನ್ನುವ ಪ್ರಶ್ನೆ.

ನನ್ನ ಮಗಳು ಚಿಕ್ಕವಳಿದ್ದಾಗ ಬಣ್ಣದ ಪೆನ್ಸಿಲ್ ಡಬ್ಬಿಯಿಂದ ತಿಳಿ ಬಣ್ಣ ಹುಡುಕಿ ತನ್ನ ಚಿತ್ರಕ್ಕೆ ಹಚ್ಚುತ್ತಿದ್ದಳು. ಕೇಳಿದರೆ, "ಇದು ಸ್ಕಿನ್ ಕಲರ್" ಅನ್ನುತ್ತಿದ್ದಳು. ಅವಳ ಶಾಲೆಗೆ ಒಳ್ಳೇ ಕಟ್ಟಡ ಇತ್ತು, ಬಸ್ಸೂ ಇತ್ತು.

---

ತಕ್ಕಡಿ ಹಿಡಿದವ

ಒಂದು ಎಚ್ಚರಿಕೆ. 16 ಮಕ್ಕಳು ಅಂದರೆ ಬಹಳ ಸಣ್ಣ ಸಂಖ್ಯೆ. ಆಗಲೇ ಅದರ ಮೇಲೆ ಟೀಕೆ ಬಂದಿತ್ತು, ಮಾರ್ಷಲ್ ಅವರ ಗುಂಪಿನ ಕೆಲವು ವಕೀಲರಿಗೂ ಗೊಂಬೆಗಳ ಮೇಲೆ ನಂಬಿಕೆ ಇರಲಿಲ್ಲ. ನನ್ನ ಪ್ರಕಾರ ಕೇಸಿನ ಬೆನ್ನೆಲುಬು ಗೊಂಬೆಯಲ್ಲ, ಆ ಸಹಿಗಳು. ಗೊಂಬೆ ಪ್ರಯೋಗ ಇಲ್ಲದಿದ್ದರೂ ವೇರಿಂಗ್ ಅದನ್ನೇ ಬರೆಯುತ್ತಿದ್ದರು ಅಂತ ನಾನು ನಂಬುತ್ತೇನೆ.

---

ನೆನಪಿನ ಬುತ್ತಿ

ವಕೀಲ ಸಾರ್, ಸಂಖ್ಯೆ ಸಣ್ಣದಿರಬಹುದು. ಕಂದು ಗೊಂಬೆ ತೋರಿಸಿದ ಆ 11 ಮಕ್ಕಳಲ್ಲಿ ನಾನೂ ಒಬ್ಬಳಾಗಿರುತ್ತಿದ್ದೆ. ಅಷ್ಟು ಹೇಳಬಲ್ಲೆ.

ಮೇಷ್ಟ್ರೇ, ನಿಮ್ಮ ಮೇಲೆ ಕೋಪ ಇಲ್ಲ. ಆದರೆ ನಮ್ಮ ಕೇರಿಗೇ ಒಂದು ಬೇರೆ ಕೊಡ, ಫಳಫಳ ಹೊಳೆಯುವ ಹೊಸ ಕೊಡ ತಂದಿಟ್ಟಿದ್ದರೆ ನನ್ನ ಲಂಗ ಒದ್ದೆಯಾಗುತ್ತಿರಲಿಲ್ಲ, ನಿಜ. ಆದರೂ ನಾನು ಆ ಕೊಡವನ್ನು ನೋಡಿದಾಗಲೆಲ್ಲ ನನಗೆ ಏನು ನೆನಪಾಗುತ್ತಿತ್ತು ಹೇಳಿ?

---

ಬಯಲುಸೀಮೆ ಮೇಷ್ಟ್ರು

ಅರ್ಥವಾಯಿತು ತಾಯಿ. ನನ್ನ ಮಾತು ವಾಪಸ್ ತೆಗೆದುಕೊಂಡೆ.

ಪಾದ್ರಿ ಮೇಷ್ಟ್ರು ಏನಾದರು?

---

ಕಾವೇರಿಕೂಸು

ಡಿಲೇನ್ ಅವರ ಕೆಲಸ ಹೋಯಿತು. ಹೆಂಡತಿ, ಮನೆಯವರಿಗೂ ಅದೇ. 1951ರಲ್ಲಿ ಸಮ್ಮರ್ಟನ್ನಿನ ಅವರ ಮನೆಗೆ ಬೆಂಕಿ ಬಿತ್ತು. ಅಗ್ನಿಶಾಮಕದವರು ಬಂದರು. ಮನೆ ಊರಿನ ಗಡಿಯಿಂದ ಆಚೆ ಇದೆ, ನಮಗೆ ಸೇರಿದ್ದಲ್ಲ ಅಂತ ನೋಡುತ್ತಾ ನಿಂತರು. ಪಿಯರ್ಸನ್ ಜಮೀನಿನ ಗಡಿ, ಈ ಮನೆಯ ಗಡಿ. ಗೆರೆ ಎಳೆಯುವವರ ಕೈಯಲ್ಲಿ ಎಷ್ಟು ಶಕ್ತಿ ಇರುತ್ತದೆ ನೋಡಿ.

ಅಷ್ಟರಲ್ಲಿ ಚರ್ಚಿನವರು ಅವರನ್ನು ಲೇಕ್ ಸಿಟಿ ಎಂಬ ಊರಿಗೆ ವರ್ಗ ಮಾಡಿದ್ದರು. 1955ರ ಅಕ್ಟೋಬರಿನಲ್ಲಿ ಅಲ್ಲಿನ ಚರ್ಚನ್ನೂ ಸುಟ್ಟರು. ಕೆಲವೇ ದಿನಗಳಲ್ಲಿ ರಾತ್ರಿ ಕಾರಿನಲ್ಲಿ ಬಂದವರು ಮನೆಯ ಮೇಲೆ ಗುಂಡು ಹಾರಿಸಿದರು. ಇವರೂ ತಿರುಗಿ ಹಾರಿಸಿದರು, ಬಂದ ಕಾರಿನ ಗುರುತು ಸಿಗಲಿ ಅಂತ. ಅದೇ ರಾತ್ರಿ ಊರು ಬಿಟ್ಟು ಕೊನೆಗೆ ನ್ಯೂಯಾರ್ಕ್ ಸೇರಿದರು. ಇಲ್ಲಿ ಅವರ ಮೇಲೆ ವಾರಂಟ್ ಹೊರಟಿತು. ಬದುಕಿರುವ ತನಕ ಈ ರಾಜ್ಯಕ್ಕೆ ವಾಪಸ್ ಬಂದು ನೆಲೆಸಲು ಆಗಲಿಲ್ಲ. 1974ರಲ್ಲಿ ಪಕ್ಕದ ರಾಜ್ಯದ ಶಾರ್ಲಟ್ಟಿನಲ್ಲಿ ತೀರಿಕೊಂಡರು. ಆ ವಾರಂಟ್ ರದ್ದಾದದ್ದು 2000ದಲ್ಲಿ. ಅಷ್ಟು ಹತ್ತಿರ ಬಂದು, ಗಡಿಯ ಆಚೆಯೇ ಉಳಿದರಲ್ಲ ಅಂತ ನನಗೆ ಸಂಕಟವಾಗುತ್ತದೆ.

2004ರಲ್ಲಿ ಅಮೆರಿಕದ ಸಂಸತ್ತು ಡಿಲೇನ್, ಪಿಯರ್ಸನ್, ಹ್ಯಾರಿ ಮತ್ತು ಎಲೈಜಾ ಬ್ರಿಗ್ಸ್ ನಾಲ್ವರಿಗೂ ಚಿನ್ನದ ಪದಕ ಕೊಟ್ಟಿತು. ತೆಗೆದುಕೊಳ್ಳಲು ಒಬ್ಬರೂ ಇರಲಿಲ್ಲ.

---

ಅಡಕೆ ತೋಟ

ಈಗ ಆ ಊರಿನ ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಓದುತ್ತಾರೆ ತಾನೆ? ಅದನ್ನಾದರೂ ಹೇಳಿ.

---

ಕಾವೇರಿಕೂಸು

ಹೌದು ಅಂತ ಹೇಳಲು ನನಗೂ ಆಸೆ ಇತ್ತು.

ತೀರ್ಪು ಬಂದದ್ದು 1954ರಲ್ಲಿ. ಮೊದಲ ಬೆರಳೆಣಿಕೆಯ ಕಪ್ಪು ಮಕ್ಕಳು ಬಿಳಿಯರ ಸಮ್ಮರ್ಟನ್ ಹೈಸ್ಕೂಲಿನ ಒಳಗೆ ಕಾಲಿಟ್ಟದ್ದು 1965ರಲ್ಲಿ. ಹನ್ನೊಂದು ವರ್ಷ. ಅದಕ್ಕೂ ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಸಹಿ ಹಾಕಿದ ದಿನ ಶಾಲೆಯಲ್ಲಿದ್ದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು. ಅದೇ ವರ್ಷ ಬಿಳಿಯರು ಊರಿನಲ್ಲಿ ತಮ್ಮದೇ ಖಾಸಗಿ ಶಾಲೆ ಶುರು ಮಾಡಿದರು. ಸ್ವಲ್ಪ ವರ್ಷದಲ್ಲೇ ಹೆಚ್ಚುಕಡಿಮೆ ಬಿಳಿ ಮಕ್ಕಳೆಲ್ಲ ಸರ್ಕಾರಿ ಶಾಲೆ ಬಿಟ್ಟು ಹೋದರು. ಸ್ಕಾಟ್ಸ್ ಬ್ರಾಂಚ್ ಮತ್ತೆ ಹೆಚ್ಚುಕಡಿಮೆ ಕಪ್ಪು ಮಕ್ಕಳ ಶಾಲೆಯಾಗಿಯೇ ಉಳಿಯಿತು. ಈ ಸಲ ಕಾನೂನಿನಿಂದ ಅಲ್ಲ, ಫೀಸಿನಿಂದ.

1993ರಲ್ಲಿ ರಾಜ್ಯದ ಬಡ ಹಳ್ಳಿ ಜಿಲ್ಲೆಗಳ ಶಾಲೆಗಳು ದುಡ್ಡಿಗಾಗಿ ರಾಜ್ಯದ ಮೇಲೆ ಕೇಸು ಹಾಕಿದವು. ಆ ವಿಚಾರಣೆ 2003ರಲ್ಲಿ ಶುರುವಾದದ್ದು ಎಲ್ಲಿ ಗೊತ್ತಾ? ಇದೇ ಕ್ಲ್ಯಾರೆಂಡನ್ ಕೌಂಟಿಯ ಮ್ಯಾನಿಂಗ್ ಊರಿನ ಕೋರ್ಟಿನಲ್ಲಿ. 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಶಾಲೆಗಳ ಪರವಾಗಿ ಹೇಳಿತು. 2017ರಲ್ಲಿ ಅದೇ ಕೋರ್ಟು ಕೇಸಿನ ಮೇಲಿನ ತನ್ನ ಉಸ್ತುವಾರಿ ಬಿಟ್ಟುಬಿಟ್ಟಿತು.

ಶನಿವಾರ ನಾವು ನಿಂತದ್ದು ಹಳೇ ಸಮ್ಮರ್ಟನ್ ಹೈಸ್ಕೂಲಿನ ಮುಂದೆ. ಒಂದಂತಸ್ತಿನ ಇಟ್ಟಿಗೆ ಕಟ್ಟಡ. 2022ರಲ್ಲಿ ಬಂದ ಕಾನೂನಿನಿಂದ ಈ ಕಟ್ಟಡವೂ ಹಳೇ ಸ್ಕಾಟ್ಸ್ ಬ್ರಾಂಚೂ ಬ್ರೌನ್ ಕೇಸಿನ ರಾಷ್ಟ್ರೀಯ ಸ್ಮಾರಕದ ಭಾಗ ಆಗಿವೆ. ಮಗಳು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. "ಅವರಿಗೆ ಬಸ್ಸು ಸಿಕ್ಕಿತಾ ಅಮ್ಮಾ?" ಅಂದಳು. ಸಿಕ್ಕಿತು ಅಂದೆ. "ಪಿಯರ್ಸನ್ ಮಕ್ಕಳಿಗೆ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

---

ಬಯಲುಸೀಮೆ ಮೇಷ್ಟ್ರು

ಮೇಡಂ, ಒಂದು ಸಹಾಯ ಬೇಕು. ನಾಡಿದ್ದು ಏಳನೇ ಕ್ಲಾಸಿಗೆ ಇದನ್ನು ಹೇಳಬೇಕು ಅಂದುಕೊಂಡಿದ್ದೇನೆ. ಭೂಪಟದಲ್ಲಿ ಊರು ತೋರಿಸುತ್ತೇನೆ. ನೀವು ಹೇಳಿದ ನೀರಿನ ಫೋಟೋ, ಬೊಡ್ಡೆಗಳು ನಿಂತಿರುವ ಜಾಗದ್ದು, ಒಂದು ಕಳಿಸುತ್ತೀರಾ? ದೋಣಿ ಅಂದರೆ ಮಕ್ಕಳಿಗೆ ಬೇಗ ಕಾಣಿಸುತ್ತದೆ.

ಇನ್ನೊಂದು ವಿಷಯ, ನೆನಪಿನ ಬುತ್ತಿ ತಾಯಿಯವರಿಗೆ. ಇವತ್ತು ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ನಾನು ಸ್ಟಾಫ್ ರೂಮಿಗೆ ಹೋಗಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ನಲ್ಲಿಗೆ ಯಾರು ಯಾವ ಕ್ರಮದಲ್ಲಿ ಬರುತ್ತಾರೆ ಅಂತ ನೋಡುತ್ತಿದ್ದೆ. ನಾಳೆಯೂ ಕೂರುತ್ತೇನೆ.

---

ಕಾವೇರಿಕೂಸು

ಮಗಳು ತೆಗೆದ ಫೋಟೋ ಇದೆ, ಸೇತುವೆಯಿಂದ ಸ್ವಲ್ಪ ಅಲುಗಾಡಿ ಬಂದಿದೆ. ಇವತ್ತು ರಾತ್ರಿ ಅದನ್ನೇ ಕಳಿಸುತ್ತೇನೆ. ದಡದಿಂದ ಸರಿಯಾಗಿ ತೆಗೆದದ್ದು ಬೇಕಾದರೆ ಮುಂದಿನ ಶನಿವಾರ ಮತ್ತೆ ಹೋಗುವವರಿದ್ದೇವೆ.

---

ನೆನಪಿನ ಬುತ್ತಿ

ಮೇಷ್ಟ್ರೇ, ಕುರ್ಚಿ ಸ್ವಲ್ಪ ದೂರ ಹಾಕಿಕೊಳ್ಳಿ. ನೀವು ಹತ್ತಿರ ಇದ್ದರೆ ಎಲ್ಲರೂ ಸರಿಯಾಗಿಯೇ ಇರುತ್ತಾರೆ.